ಯಾವುದು ನಮ್ಮ ಕೈಗೆ, ಯಾವುದು ಮೇಸ್ತ್ರಿಯ ಕೈಗೆ: ಚಿಂತಾಮಣಿಯ ಒಂದು ಚಪ್ಪಡಿ ಮನೆಯ ದುರಸ್ತಿ ಪ್ರಕರಣ

ಹಿನ್ನೆಲೆ

ಚಿಂತಾಮಣಿ ಪಟ್ಟಣದ ಹಳೆಯ ಭಾಗದಲ್ಲಿರುವ ಒಂದು ಮನೆಯ ದುರಸ್ತಿಯನ್ನು ಇಲ್ಲಿ ದಾಖಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ; ಹೆಸರು, ಬೀದಿ ಮತ್ತು ಗುರುತು ಹತ್ತಬಹುದಾದ ಇತರ ವಿವರಗಳನ್ನು ಬಿಟ್ಟಿದ್ದೇನೆ. ಕಟ್ಟಡಗಳ ದುರಸ್ತಿಗೆ ಸಲಹೆ ಕೊಡುವುದು ನನ್ನ ವೃತ್ತಿಯಾದ್ದರಿಂದ, "ಇದನ್ನು ನಾವೇ ಮಾಡಿಕೊಳ್ಳಬಹುದೇ?" ಎಂಬ ಪ್ರಶ್ನೆ ಹೋದಲ್ಲೆಲ್ಲ ಎದುರಾಗುತ್ತದೆ. ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಏಕೆ ಸರಿಯಲ್ಲ ಎಂಬುದು ಈ ಮನೆಯಲ್ಲಿ ಬಹಳ ಸ್ಪಷ್ಟವಾಗಿ ಕಂಡುಬಂದ ಕಾರಣ ಇದನ್ನು ಬರೆಯುತ್ತಿದ್ದೇನೆ.

ಮನೆಯ ಮುಂಭಾಗ 1970ರ ದಶಕದ್ದು. ಕೋಲಾರ, ಚಿಕ್ಕಬಳ್ಳಾಪುರ ಸೀಮೆಯಲ್ಲಿ ಗ್ರಾನೈಟ್ ಕಲ್ಲಿಗೆ ಬರವಿಲ್ಲದ ಕಾರಣ ಆ ಕಾಲದ ಅನೇಕ ಮನೆಗಳಿಗೆ ಕಲ್ಲು ಚಪ್ಪಡಿಯದೇ ಮಾಳಿಗೆ. ಇಲ್ಲಿಯೂ ಗೋಡೆಯಿಂದ ಕಲ್ಲಿನ ತೊಲೆಗೆ ಚಪ್ಪಡಿಗಳನ್ನು ಸಾಲಾಗಿ ಹಾಸಿ, ಸಂದುಗಳಿಗೆ ಸುಣ್ಣದ ಗಾರೆ ತುಂಬಿ, ಮೇಲೆ ಇನ್ನೊಂದು ಪದರ ಗಾರೆ ಎಳೆದಿದ್ದರು. ಹಿಂಭಾಗದ ಅಡುಗೆಮನೆ, ಬಚ್ಚಲು ಮತ್ತು ಒಂದು ಕೋಣೆ 1990ರ ದಶಕದಲ್ಲಿ ಸೇರಿದ ಆರ್‌ಸಿಸಿ ಕಟ್ಟಡ. ಮನೆಯಲ್ಲಿ ನಿವೃತ್ತ ಶಿಕ್ಷಕರಾದ ಯಜಮಾನರು, ಅವರ ಪತ್ನಿ, ಸೊಸೆ ಮತ್ತು ಮೂರು ವರ್ಷದ ಮೊಮ್ಮಗಳು ಇರುತ್ತಾರೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ವಾರದ ಕೊನೆಗೆ ಬಂದುಹೋಗುತ್ತಾರೆ. ನೀರು ಬೋರ್‌ವೆಲ್‌ನದು, ಬಲು ಗಡಸು. ಬಕೆಟ್ಟಿನ ಒಳಗೂ ನಲ್ಲಿಯ ಮೂತಿಗೂ ಬಿಳಿಯ ಉಪ್ಪು ಕಟ್ಟಿಕೊಂಡಿರುತ್ತದೆ.

ಸಮಸ್ಯೆ

ಮಾಳಿಗೆ ಸೋರುತ್ತಿತ್ತು, ನಡುಮನೆಯ ಪಶ್ಚಿಮದ ಗೋಡೆಯಲ್ಲಿ ತೇವವಿದ್ದು ಉಪ್ಪು ಏಳುತ್ತಿತ್ತು, ಸ್ವಿಚ್ ಬೋರ್ಡುಗಳು ಹಳತಾಗಿದ್ದವು, ನಲ್ಲಿಗಳು ತೊಟ್ಟಿಕ್ಕುತ್ತಿದ್ದವು, ಬಾಗಿಲು ಕಿಟಕಿಗಳ ಬಣ್ಣ ಚಕ್ಕೆ ಎದ್ದಿತ್ತು, ಹಿಂದಿನ ಕೋಣೆಯ ಸೂರಿನಲ್ಲಿ ತುಕ್ಕಿನ ಕಲೆ ಕಾಣಿಸಿಕೊಂಡಿತ್ತು. ಒಬ್ಬ ಗುತ್ತಿಗೆದಾರರು ಎಲ್ಲವನ್ನೂ ಸೇರಿಸಿ ಮೂರೂವರೆ ಲಕ್ಷ ರೂಪಾಯಿ ಹೇಳಿದರು. ಮನೆಯವರು ತೆಗೆದಿಟ್ಟಿದ್ದ ಹಣ ಒಂದೂವರೆ ಲಕ್ಷ.

ಈ ಅಂತರವನ್ನು ತುಂಬುವುದಕ್ಕೆ ಮಗ ಒಂದು ಪಟ್ಟಿ ಮಾಡಿದರು. ಪ್ರತಿ ಕೆಲಸದ ಎದುರು ಸಾಮಾನಿನ ಖರ್ಚು ಮತ್ತು ಕೂಲಿಯನ್ನು ಬೇರೆ ಬೇರೆಯಾಗಿ ಬರೆದು, ಕೂಲಿ ಹೆಚ್ಚಿರುವ ಕೆಲಸಗಳನ್ನು ತಾವೇ ಮಾಡುವುದು, ಕೂಲಿ ಕಡಿಮೆ ಇರುವುದನ್ನು ಹೊರಗಿನವರಿಗೆ ಕೊಡುವುದು ಎಂದು ತೀರ್ಮಾನಿಸಿದರು. ಹಾಗೆ ನೋಡಿದಾಗ ಸುಣ್ಣ-ಬಣ್ಣ, ಬಾಗಿಲು ಉಜ್ಜುವುದು, ಸ್ವಿಚ್ ಬೋರ್ಡು ಬದಲಿಸುವುದು ಮತ್ತು ಮಾಳಿಗೆಗೆ ವಾಟರ್‌ಪ್ರೂಫ್ ಲೇಪನ ಅವರ ಪಾಲಿಗೆ ಬಂದವು. ನಲ್ಲಿಯ ವಾಷರ್ ಬದಲಿಸುವಂಥ ಸಣ್ಣ ಕೆಲಸಗಳು ಪ್ಲಂಬರ್‌ಗೆ ಹೋದವು. ಲೆಕ್ಕದ ಮಟ್ಟಿಗೆ ಪಟ್ಟಿ ಸರಿಯಾಗಿಯೇ ಇತ್ತು. ಆದರೆ ಕೆಲಸ ಕೆಟ್ಟರೆ ಅದರ ಪರಿಣಾಮ ಯಾರ ಮೇಲೆ ಬೀಳುತ್ತದೆ ಎಂಬುದಕ್ಕೆ ಅದರಲ್ಲಿ ಜಾಗವಿರಲಿಲ್ಲ.

ಮೊದಲ ಪ್ರಯತ್ನ

ಕೆಲಸ ಶುರುವಾದದ್ದು ನಡುಮನೆಯ ಗೋಡೆಯಿಂದ, ಏಕೆಂದರೆ ಬಂದವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ಅದೇ. ಮಗ ಹಳೆಯ ಬಣ್ಣವನ್ನು ಕೆರೆದು, ಪುಟ್ಟಿ ಹಚ್ಚಿ, ಉಜ್ಜಿ, ಪ್ರೈಮರ್ ಕೊಟ್ಟು, ಎಮಲ್ಷನ್ ಎರಡು ಕೋಟ್ ಬಳಿದರು. ಕೈಕೆಲಸ ಅಚ್ಚುಕಟ್ಟಾಗಿತ್ತು, ನಾನು ನೋಡಿದಾಗಲೂ ಅಂಚುಗಳ ನೇರದಲ್ಲಿ ಕುಂದು ಕಾಣಲಿಲ್ಲ. ಆದರೆ ಸ್ವಲ್ಪ ದಿನಗಳಲ್ಲೇ ಸೊಂಟದೆತ್ತರದಲ್ಲಿ ಬಣ್ಣ ಉಬ್ಬಿತು, ಬೆರಳಿನಿಂದ ಒತ್ತಿದರೆ ಒಳಗಿನಿಂದ ಪುಟ್ಟಿ ಹಿಟ್ಟಿನಂತೆ ಉದುರಿತು. ಕೆಲಸ ಶುರುವಾಗುವ ಮೊದಲೇ ಸೊಸೆ "ಮಾವ, ಗೋಡೆ ಇನ್ನೂ ಒಣಗಿಲ್ಲ, ಕೈಯಿಟ್ಟರೆ ತಣ್ಣಗಿದೆ" ಎಂದಿದ್ದರಂತೆ. ಆ ಮಾತನ್ನು ಯಾರೂ ಹಿಡಿದುಕೊಳ್ಳಲಿಲ್ಲ.

ಗೋಡೆಯಲ್ಲಿ ನೀರಿದ್ದಾಗ ಅದು ಇಟ್ಟಿಗೆಯಲ್ಲಿಯೂ ಗಾರೆಯಲ್ಲಿಯೂ ಇರುವ ಲವಣಗಳನ್ನು ಕರಗಿಸಿಕೊಂಡು ಮೇಲ್ಮೈಗೆ ಬರುತ್ತದೆ, ಅಲ್ಲಿ ನೀರು ಆರಿದಾಗ ಲವಣ ಹರಳುಗಟ್ಟಿ ಹಿಗ್ಗುತ್ತದೆ, ಆ ಹಿಗ್ಗುವಿಕೆಯ ಬಲಕ್ಕೆ ಮೇಲಿನ ಪದರ ಏಳುತ್ತದೆ. ಎಷ್ಟು ಬೆಲೆಯ ಬಣ್ಣ ಹಚ್ಚಿದರೂ ಈ ಕ್ರಿಯೆ ನಿಲ್ಲುವುದಿಲ್ಲ; ನೀರಿನ ಮೂಲ ನಿಲ್ಲಬೇಕು. ಇಲ್ಲಿ ಮೂಲ ಎರಡಿತ್ತು: ಮಾಳಿಗೆಯ ಸಂದಿನಿಂದ ಗೋಡೆಯೊಳಕ್ಕೆ ಇಳಿಯುತ್ತಿದ್ದ ಮಳೆನೀರು, ಮತ್ತು ಗೋಡೆಯ ಆಚೆ ಬದಿಯ ಬಚ್ಚಲಿನಲ್ಲಿ ಸಣ್ಣಗೆ ಸೋರುತ್ತಿದ್ದ ಒಂದು ಪೈಪಿನ ಜಾಯಿಂಟ್. ಈ ಹಂತದಲ್ಲಿ ಯಜಮಾನರು ನನ್ನನ್ನು ಕರೆಸಿದರು.

ತಿರುವು ಒಂದು: ಬಚ್ಚಲಿನ ನಲ್ಲಿ

ಮನೆ ನೋಡುತ್ತಿರುವಾಗ ಯಜಮಾನರ ಪತ್ನಿ ಬೇರೆಯದೇ ಒಂದು ಸಂಗತಿ ಹೇಳಿದರು: "ಗೀಸರ್ ಹಾಕಿರುವಾಗ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತೆ. ಚಪ್ಪಲಿ ಹಾಕ್ಕೊಂಡು ಹೋಗ್ತೀನಿ, ಏನೂ ಆಗಲ್ಲ." ಇದು ಮಗನ ಪಟ್ಟಿಯಲ್ಲಿ ಇರಲೇ ಇಲ್ಲ, ಏಕೆಂದರೆ ಅವರು ಅದನ್ನು ಯಾರಿಗೂ ದೂರಾಗಿ ಹೇಳಿರಲಿಲ್ಲ. ಟೆಸ್ಟರ್ ಹಿಡಿದಾಗ ನಲ್ಲಿಯ ಮೇಲೆ ದೀಪ ಹತ್ತಿತು. ಆ ಕ್ಷಣದಿಂದ ಗೀಸರ್ ಬಂದ್ ಮಾಡಿಸಿದೆ.

ಗಡಸು ನೀರಿನಲ್ಲಿ ಗೀಸರ್‌ನ ಎಲಿಮೆಂಟ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ; ಶಾಖ ನೀರಿಗೆ ಸರಿಯಾಗಿ ಹೋಗದೆ ಎಲಿಮೆಂಟ್ ಅತಿಯಾಗಿ ಕಾಯ್ದು ಅದರ ಕವಚ ಬಿರುಕು ಬಿಡುತ್ತದೆ; ಆಗ ವಿದ್ಯುತ್ ನೀರಿಗೂ ಟ್ಯಾಂಕಿನ ಲೋಹಕ್ಕೂ ಸೋರುತ್ತದೆ. ಅರ್ತಿಂಗ್ ಸರಿಯಿದ್ದರೆ ಈ ಸೋರಿಕೆ ಭೂಮಿಗೆ ಹೋಗುತ್ತದೆ. ಇಲ್ಲಿ ಅರ್ತ್ ವೈರ್ ಬೋರ್ಡಿನವರೆಗೆ ಬಂದು ಅಲ್ಲಿಯೇ ನಿಂತಿತ್ತು, ಮುಂದಕ್ಕೆ ಯಾವುದಕ್ಕೂ ಜೋಡಿಸಿರಲಿಲ್ಲ. ಮುಂಭಾಗದ ಕೋಣೆಗಳಲ್ಲಂತೂ ಮರದ ಪಟ್ಟಿಯ ಮೇಲಿನ ಹಳೆಯ ಎರಡು ತಂತಿಯ ವೈರಿಂಗ್, ಪಿಂಗಾಣಿ ಫ್ಯೂಸು. ಸೋರುವ ವಿದ್ಯುತ್ತು ಮನುಷ್ಯನನ್ನು ಕೊಲ್ಲುವಷ್ಟಿದ್ದರೂ ಫ್ಯೂಸ್ ಅಥವಾ ಎಂಸಿಬಿಗೆ ಅದು ತೀರ ಸಣ್ಣ ಪ್ರಮಾಣ; ಅವು ಬೀಳುವುದಿಲ್ಲ. ಅಂಥ ಸೋರಿಕೆಯನ್ನು ಗುರುತಿಸಿ ಕರೆಂಟ್ ಕಡಿಯುವುದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ.

ಮಗ ಹೊಸ ಬೋರ್ಡುಗಳನ್ನು ಆಗಲೇ ತಂದಿಟ್ಟಿದ್ದರು. ಕೈಯಲ್ಲಿ ಕಸುಬೂ ಇತ್ತು, ಸ್ವಿಚ್ ಬದಲಿಸುವುದು ಅವರಿಂದ ಆಗದ ಕೆಲಸವೇನೂ ಆಗಿರಲಿಲ್ಲ. ಆದರೂ ನಾನು ಬೇಡವೆಂದೆ. ಸ್ವಿಚ್ ಬೋರ್ಡಿನ ಹಿಂದೆ ಗೋಡೆಯೊಳಗೆ ಏನಿದೆ ಎಂಬುದು ತೆರೆಯುವವರೆಗೆ ತಿಳಿಯುವುದಿಲ್ಲ, ತಪ್ಪು ಜೋಡಣೆಯಿದ್ದರೂ ದೀಪ ಹತ್ತಿ ಫ್ಯಾನ್ ತಿರುಗುತ್ತದೆ, ಅಂದರೆ ಕೆಲಸ ಸರಿಯಾಗಿದೆ ಎಂಬ ಸುಳ್ಳು ಭರವಸೆ ಸಿಗುತ್ತದೆ. ಕಾನೂನಿನ ಪ್ರಕಾರವೂ ವೈರಿಂಗ್ ಕೆಲಸ ಪರವಾನಗಿ ಇರುವ ಗುತ್ತಿಗೆದಾರರದು. ಮಗ ಒಪ್ಪಿಕೊಳ್ಳಲು ಸಮಯ ತೆಗೆದುಕೊಂಡರು. ಯಜಮಾನರು ಮಾತ್ರ ತಕ್ಷಣ "ಅಜ್ಜಿ ಮೊಮ್ಮಗಳು ಓಡಾಡೋ ಬಚ್ಚಲು, ಇದರಲ್ಲಿ ಉಳಿತಾಯ ಬೇಡ" ಎಂದರು.

ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಆರ್‌ಸಿಸಿಬಿ ಕೂರಿಸಿ ಮೇನ್ ಹಾಕಿದ ಕೂಡಲೇ ಅದು ಬಿತ್ತು. ಮತ್ತೆ ಹಾಕಿದರು, ಮತ್ತೆ ಬಿತ್ತು. ಗೀಸರ್ ಕಳಚಿಟ್ಟಿದ್ದರೂ ಬೀಳುತ್ತಿತ್ತು. ಒಂದೊಂದೇ ಸರ್ಕ್ಯೂಟ್ ಬೇರ್ಪಡಿಸಿ ನೋಡುತ್ತ ಹೋದಾಗ, 1990ರ ದಶಕದಲ್ಲಿ ಹಿಂಭಾಗ ಕಟ್ಟುವಾಗ ಯಾರೋ ಅಡುಗೆಮನೆಯ ನ್ಯೂಟ್ರಲ್ ತಂತಿಯನ್ನು ಮುಂಭಾಗದ ನ್ಯೂಟ್ರಲ್‌ಗೆ ಸೇರಿಸಿ, ಆ ಗಂಟನ್ನು ಟೇಪು ಸುತ್ತಿ ಸಾರಣೆಯೊಳಗೆ ಮುಚ್ಚಿದ್ದು ಸಿಕ್ಕಿತು. ಟೇಪು ಕರಗಿ ಕಪ್ಪಾಗಿತ್ತು, ಸೋರಿಕೆ ಅಲ್ಲಿಂದಲೇ. ಮಗ ತಾವೇ ಬೋರ್ಡು ಬದಲಿಸಿದ್ದರೆ ಈ ಗಂಟು ಗೋಡೆಯೊಳಗೆ ಹಾಗೆಯೇ ಇರುತ್ತಿತ್ತು, ಮೇಲೆ ಹೊಸ ಬೋರ್ಡು ಹೊಳೆಯುತ್ತಿತ್ತು.

ತಿರುವು ಎರಡು: ಮಾಳಿಗೆಯ ಮೇಲೆ ಕಾಂಕ್ರೀಟು

ಮಾಳಿಗೆಯ ವಿಷಯದಲ್ಲಿ ಸಂಗತಿ ತಿರುಗುಮುರುಗಾಯಿತು. ಇಲ್ಲಿ ಎಡವಟ್ಟಿನ ಸಲಹೆ ಬಂದದ್ದು ಕಸುಬುದಾರರಿಂದ. ಚಪ್ಪಡಿಯ ಮೇಲೆ ಮೂರು ಇಂಚು ಕಾಂಕ್ರೀಟು ಹಾಕಿಬಿಟ್ಟರೆ ಸೋರಿಕೆಯ ಮಾತೇ ಇರುವುದಿಲ್ಲ ಎಂದು ಬಂದ ಮೇಸ್ತ್ರಿ ಹೇಳಿದರು. ಅವರು ಮೋಸಗಾರರಲ್ಲ, ಅನೇಕ ಮನೆಗಳಿಗೆ ಹಾಗೆ ಮಾಡಿಕೊಟ್ಟವರು. ಮನೆಯವರು ಒಪ್ಪುವ ಹಂತದಲ್ಲಿದ್ದರು.

ಕಾಂಕ್ರೀಟಿನ ತೂಕ ಘನಮೀಟರಿಗೆ ಸುಮಾರು 2,400 ಕಿಲೊ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯ ಮೇಲೆ ಮೂರು ಇಂಚು ಹಾಕಿದರೆ ಎರಡು ಸಾವಿರ ಕಿಲೊ, ಅಂದರೆ ಎರಡು ಟನ್ ಹೊರೆ ಆ ಚಪ್ಪಡಿಗಳ ಮೇಲೆ ಕಾಯಮ್ಮಾಗಿ ಕೂರುತ್ತದೆ. ಕಲ್ಲು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಬಾಗುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಕಬ್ಬಿಣವಿರುವ ಆರ್‌ಸಿಸಿ ಮುರಿಯುವ ಮೊದಲು ಜೋತು ಬಿದ್ದು, ಬಿರುಕು ತೋರಿಸಿ ಸಾಮಾನ್ಯವಾಗಿ ಎಚ್ಚರಿಕೆ ಕೊಡುತ್ತದೆ, ಚಪ್ಪಡಿ ಒಮ್ಮೆಗೇ ತುಂಡಾಗುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಒಳಗಿನಿಂದ ಟಾರ್ಚನ್ನು ಓರೆಯಾಗಿ ಹಿಡಿದು ಒಂದೊಂದು ಚಪ್ಪಡಿಯ ತಳವನ್ನು ನೋಡಿದಾಗ, ಹಲವು ಕೋಟಿನ ಸುಣ್ಣದ ಅಡಿಯಲ್ಲಿ, ನಡುಮನೆಯ ಒಂದು ಚಪ್ಪಡಿಯ ಮಧ್ಯಭಾಗದಲ್ಲಿ ಅಡ್ಡಲಾಗಿ ಕೂದಲೆಳೆಯ ಬಿರುಕೊಂದು ಕಂಡಿತು. ಮೇಸ್ತ್ರಿಗೂ ತೋರಿಸಿದೆವು. ಅವರು ಬೆರಳಿನಿಂದ ಸವರಿ ನೋಡಿ "ಇದರ ಮೇಲೆ ಹಾಕಬಾರದು ಸಾರ್" ಎಂದು ತಾವಾಗಿಯೇ ಹಿಂದೆ ಸರಿದರು.

ಹಾಗಾಗಿ ತೀರ್ಮಾನ ಬದಲಾಯಿತು. ಭಾರ ಹೇರುವ ಬದಲು ಇಳಿಸುವುದು. ಹಿಂದೆ ಸೋರಿದಾಗಲೆಲ್ಲ ಒಂದರ ಮೇಲೊಂದು ಬಳಿದಿದ್ದ ಸಿಮೆಂಟಿನ ತೇಪೆಗಳನ್ನೂ ಸಡಿಲವಾದ ಗಾರೆಯನ್ನೂ ತೆಗೆಯುವುದು. ಬಿರುಕಿನ ಚಪ್ಪಡಿಯ ಕೆಳಗೆ ಎಂಜಿನಿಯರ್ ಹೇಳಿದ ಅಳತೆಯ ಕಬ್ಬಿಣದ ಗರ್ಡರ್ ಕೊಡುವುದು. ಸಂದುಗಳನ್ನು ಕೆತ್ತಿ ಹೊಸದಾಗಿ ತುಂಬುವುದು. ಸಂದುಗಳ ಮೇಲೆ ನಾರಿನ ಬಲೆ ಇಟ್ಟು ಅಕ್ರಿಲಿಕ್ ಲೇಪನವನ್ನು ಒಂದು ಕೋಟ್ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಹಚ್ಚುವುದು.

ಕೆಲಸವನ್ನು ಒಡೆದು ಹಂಚಿಕೊಂಡದ್ದು

ಈ ಪ್ರಕರಣದಲ್ಲಿ ನಾನು ಅತಿ ಮುಖ್ಯವೆಂದು ಭಾವಿಸುವ ಹೆಜ್ಜೆ ಇದು. ಮಾಳಿಗೆಯ ಕೆಲಸವನ್ನು ಇಡಿಯಾಗಿ ಮೇಸ್ತ್ರಿಗೆ ಕೊಡಲಿಲ್ಲ, ಇಡಿಯಾಗಿ ಮನೆಯವರೂ ಮಾಡಲಿಲ್ಲ. ಗರ್ಡರ್ ಏರಿಸುವುದು ಮತ್ತು ಸಂದು ತುಂಬುವುದು ಮೇಸ್ತ್ರಿಯದು, ಏಕೆಂದರೆ ಗಾರೆಯ ಹದ ಮತ್ತು ಕರಣೆಯ ಒತ್ತು ಕೈಗೆ ಬರಲು ವರ್ಷಗಳು ಬೇಕು. ಮೇಲಿನ ಪಾಚಿ ಕೆರೆಯುವುದು, ಸಡಿಲ ಗಾರೆ ಒಟ್ಟುಮಾಡಿ ಚೀಲಕ್ಕೆ ತುಂಬುವುದು, ಕಬ್ಬಿಣದ ಬ್ರಷ್ಷಿನಿಂದ ಸಂದುಗಳನ್ನು ಉಜ್ಜಿ ಧೂಳು ತೆಗೆಯುವುದು ಮನೆಯವರದು. ಕೂಲಿಯ ಲೆಕ್ಕದಲ್ಲಿ ದುಡಿಯುವವರು ಈ ಉಜ್ಜುವ ಕೆಲಸಕ್ಕೆ ಅರ್ಧ ದಿನಕ್ಕಿಂತ ಹೆಚ್ಚು ಕೊಡುವುದು ಕಷ್ಟ. ಲೇಪನ ಹಿಡಿಯುವುದೂ ಬಿಡುವುದೂ ನಿಂತಿರುವುದು ಅದರ ಮೇಲೆಯೇ.

ಕ್ಯೂರಿಂಗ್, ಅಂದರೆ ಹೊಸ ಗಾರೆ ಬೇಗ ಒಣಗದಂತೆ ನೀರುಣಿಸುವುದು ಕೂಡ ಮನೆಯವರ ಪಾಲಾಯಿತು. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 10 ದಿನ ತೇವ ಬೇಕೆಂದು ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಗಾರೆಗೂ ಅದೇ ಅವಧಿ ಇಟ್ಟುಕೊಳ್ಳಿ ಎಂದು ಹೇಳಿದ್ದೆ. ಮೇಸ್ತ್ರಿ ಸಂಜೆ ಮನೆಗೆ ಹೋಗುತ್ತಾರೆ, ಮರುದಿನ ಬೇರೆ ಕಡೆ ಕೆಲಸವಿರುತ್ತದೆ. ಏಪ್ರಿಲ್ ತಿಂಗಳ ಚಿಂತಾಮಣಿಯ ಬಿಸಿಲಿನಲ್ಲಿ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇರುವುದಿಲ್ಲ. ಯಜಮಾನರು ಸಂದುಗಳ ಮೇಲೆ ಗೋಣಿಚೀಲ ಹಾಸಿ, ಹೊತ್ತು ಹೊತ್ತಿಗೆ ನೀರು ಚಿಮುಕಿಸಿ, ಪ್ರತಿ ಸಲವೂ ಶಾಲೆಯ ಹಾಜರಿ ಹಾಕುವ ಶಿಸ್ತಿನಲ್ಲಿ ನೋಟ್‌ಪುಸ್ತಕದಲ್ಲಿ ವೇಳೆ ಬರೆದರು. ಎಪ್ಪತ್ತರ ಸಮೀಪದ ವಯಸ್ಸಿನಲ್ಲಿ ಅವರು ಮಾಡಿದ ಈ ಕೆಲಸವೇ ಆ ಮಾಳಿಗೆಗೆ ಸಿಕ್ಕ ಅತ್ಯುತ್ತಮ ದುಡಿಮೆ ಎಂದು ನಾನು ಗೌರವದಿಂದ ಹೇಳುತ್ತೇನೆ.

ಕರೆಂಟಿನ ಕೆಲಸದಲ್ಲಿಯೂ ಮನೆಯವರಿಗೆ ಒಂದು ಪಾಲು ಉಳಿಯಿತು. ಬಯಲುಸೀಮೆಯ ಒಣ ನೆಲದಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಆರಿಹೋದರೆ ಅದರ ರೋಧ ಏರಿ, ಇದ್ದೂ ಇಲ್ಲದಂತಾಗುತ್ತದೆ. ಗುಂಡಿ ತೋಡಿ ಪೈಪು ಇಳಿಸಿ ಅಳತೆ ತೆಗೆಯುವುದು ಎಲೆಕ್ಟ್ರಿಷಿಯನ್‌ನದು. ವಾರಕ್ಕೊಮ್ಮೆ ಅದಕ್ಕೆ ಒಂದು ಬಕೆಟ್ ನೀರು ಹಾಕುವುದು, ಆಗಾಗ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ಬೀಳುತ್ತದೆಯೇ ನೋಡುವುದು ಸೊಸೆಯದು.

ನಲ್ಲಿಗಳನ್ನು ಪ್ಲಂಬರ್ ಪಟ್ಟಿಯಿಂದ ತೆಗೆದು ಮನೆಯವರಿಗೆ ಕೊಟ್ಟೆವು. ಇಲ್ಲಿ ತಪ್ಪಾದರೆ ನೀರು ತೊಟ್ಟಿಕ್ಕುತ್ತದೆ, ತಕ್ಷಣ ಕಾಣುತ್ತದೆ, ಬಿಚ್ಚಿ ಮತ್ತೆ ಹಾಕಬಹುದು; ಗಡಸು ನೀರಿನ ಊರಿನಲ್ಲಿ ಈ ಕೆಲಸ ಮತ್ತೆ ಮತ್ತೆ ಬರುವುದರಿಂದ ಕಲಿತದ್ದು ವ್ಯರ್ಥವಾಗುವುದಿಲ್ಲ. ಸೊಸೆ ಹಳೆಯ ನಲ್ಲಿ ಬಿಚ್ಚಿ, ಎಳೆಗಳಿಗೆ ಕಟ್ಟಿದ ಬಿಳಿ ಉಪ್ಪನ್ನು ವಿನೆಗರ್‌ನಲ್ಲಿ ನೆನೆಸಿ ತೆಗೆದು, ನಲ್ಲಿ ತಿರುಗುವ ದಿಕ್ಕಿಗೇ ಟೆಫ್ಲಾನ್ ಟೇಪ್ ಸುತ್ತಿ ಕೂರಿಸಿದರು; ಎದುರು ದಿಕ್ಕಿಗೆ ಸುತ್ತಿದರೆ ಬಿಗಿಯುವಾಗ ಟೇಪು ಬಿಚ್ಚಿಕೊಳ್ಳುತ್ತದೆ ಎಂಬುದು ಮೊದಲ ನಲ್ಲಿಯಲ್ಲೇ ತಿಳಿಯಿತು. ಒಂದೇ ಒಂದು ಎಚ್ಚರಿಕೆ ಹೇಳಿದ್ದೆ: ಟ್ಯಾಂಕಿನ ಕೆಳಗಿನ ಹಳೆಯ ಗೇಟ್ ವಾಲ್ವ್ ಹಿಡಿದುಕೊಂಡಿದ್ದರೆ ಬಲಪ್ರಯೋಗ ಬೇಡ, ಅದು ಮುರಿದರೆ ಟ್ಯಾಂಕಿನ ನೀರೆಲ್ಲ ಮನೆಯೊಳಗೆ. ಅದು ನಿಜಕ್ಕೂ ಹಿಡಿದುಕೊಂಡಿತ್ತು. ಟ್ಯಾಂಕ್ ಖಾಲಿಯಾಗಿದ್ದ ದಿನ ಪ್ಲಂಬರ್ ಬಂದು ಬಾಲ್ ವಾಲ್ವ್ ಹಾಕಿಕೊಟ್ಟರು. ಬಚ್ಚಲಿನಲ್ಲಿ ಸೋರುತ್ತಿದ್ದ ಜಾಯಿಂಟನ್ನೂ ಅಂದೇ ಅವರಿಂದಲೇ ಸರಿಮಾಡಿಸಿದರು.

ಸುಲಭವೆಂದು ಕಂಡ ಕೆಲಸ

ಬಾಗಿಲು ಉಜ್ಜುವುದನ್ನು ಯಾರೂ ಅಪಾಯದ ಸಾಲಿಗೆ ಸೇರಿಸಿರಲಿಲ್ಲ. ಆದರೆ ಈ ಬಾಗಿಲುಗಳ ಮೇಲೆ ನಾಲ್ಕು ದಶಕಗಳ ಎಣ್ಣೆಬಣ್ಣವಿತ್ತು. ಭಾರತದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ ನಿಯಮ 2016ರಲ್ಲಿ ಬಂದು 2017ರ ನವೆಂಬರ್‌ನಿಂದ ಜಾರಿಯಾಯಿತು. ಅದಕ್ಕೂ ಹಿಂದಿನ ಹಳದಿ, ಹಸಿರು, ಕೆಂಪು ಎಣ್ಣೆಬಣ್ಣಗಳಲ್ಲಿ ಸೀಸ ಹೆಚ್ಚಾಗಿರುವ ಸಾಧ್ಯತೆಯಿದೆ. ಮಷಿನ್‌ನಿಂದ ಒಣದಾಗಿ ಉಜ್ಜಿದರೆ ಆ ಧೂಳು ನೆಲದ ಮೇಲೆ ಕೂತು, ನೆಲದಲ್ಲಿ ಆಡಿ ಬೆರಳು ಬಾಯಿಗಿಡುವ ಮಗುವಿನ ಹೊಟ್ಟೆಗೆ ಹೋಗುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸದಿಂದಾಗುವ ಹಾನಿ ಮರಳಿ ಸರಿಹೋಗುವಂಥದ್ದಲ್ಲ. ಮೊಮ್ಮಗಳನ್ನು ಅಜ್ಜಿಯೊಂದಿಗೆ ನೆಂಟರ ಮನೆಗೆ ಕಳಿಸಿ, ಬಾಗಿಲುಗಳನ್ನು ಕಳಚಿ ಹಿತ್ತಲಿಗೆ ಒಯ್ದು, ನೀರು ಹಚ್ಚಿ ವಾಟರ್ ಪೇಪರ್‌ನಿಂದ ಉಜ್ಜಿ, ಕೆಸರನ್ನು ಹಳೆಯ ಬಟ್ಟೆಯಲ್ಲಿ ಒರೆಸಿ ಕಟ್ಟಿಟ್ಟರು. ಗಟ್ಟಿಯಾಗಿ ಹಿಡಿದಿದ್ದ ಬಣ್ಣವನ್ನು ಕೆದಕದೆ ಅದರ ಮೇಲೆಯೇ ಹೊಸ ಕೋಟ್ ಕೊಟ್ಟರು.

ಶೌಚಗುಂಡಿಯ ಸ್ಲ್ಯಾಬ್ ತೆರೆದು ನೋಡುವ ಮಾತೂ ಬಂದಿತ್ತು. ಅದನ್ನು ಅಲ್ಲಿಯೇ ನಿಲ್ಲಿಸಿದೆ. ಮನೆಯವರೂ ಇಳಿಯಬಾರದು, ಹಣ ಕೊಟ್ಟು ಬೇರೊಬ್ಬರನ್ನೂ ಇಳಿಸಬಾರದು. ಒಳಗಿನ ಅನಿಲ ನಿಮಿಷದಲ್ಲಿ ಕೊಲ್ಲಬಲ್ಲದು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವುದನ್ನು ಮಲ ಬಾಚುವ ಪದ್ಧತಿ ನಿಷೇಧದ 2013ರ ಕಾಯ್ದೆ ಅಪರಾಧವೆಂದು ಘೋಷಿಸಿದೆ. ಸಕ್ಕಿಂಗ್ ಮಷಿನ್ ಲಾರಿ ಕರೆಸಿದರು.

ಏನಾಯಿತು

ಈ ಸೀಮೆಯಲ್ಲಿ ಮಳೆಯ ಜೋರು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. 2021ರ ನವೆಂಬರ್‌ನ ಮಳೆಗೆ ಕೆರೆಗಳು ಕೋಡಿ ಹರಿದದ್ದನ್ನು ಕಂಡ ಯಜಮಾನರು ಮಾಳಿಗೆಯ ಬಗ್ಗೆ ಆತಂಕದಿಂದಲೇ ಕಾದಿದ್ದರು. ಮೊದಲ ದೊಡ್ಡ ಮಳೆಗೆ ಒಂದು ಸಂದಿನಲ್ಲಿ ಮಾತ್ರ ನೀರು ಜಿನುಗಿತು. ಮನೆಯವರು ಚಪ್ಪಡಿಗಳಿಗೆ ಕೆಳಗಿನಿಂದ ಸೀಮೆಸುಣ್ಣದಲ್ಲಿ ಅಂಕೆ ಹಾಕಿ, ಅದೇ ಅಂಕೆಗಳ ನಕ್ಷೆಯನ್ನು ನೋಟ್‌ಪುಸ್ತಕದಲ್ಲಿ ಬರೆದಿಟ್ಟಿದ್ದರಿಂದ, ಮೇಲೆ ಹೋಗಿ ಯಾವ ಸಂದು ಎಂದು ಹುಡುಕಬೇಕಾಗಲಿಲ್ಲ. ಮಳೆ ಬಿಟ್ಟ ಮೇಲೆ ಮೇಸ್ತ್ರಿ ಆ ಒಂದು ಸಂದನ್ನು ಮಾತ್ರ ತೆರೆದು ತುಂಬಿದರು. ನಡುಮನೆಯ ಗೋಡೆಯನ್ನು ಬೇಸಿಗೆಯಿಡೀ ಬರಿದಾಗಿ ಬಿಟ್ಟು ಒಣಗಿಸಿ, ಏಳುವ ಉಪ್ಪನ್ನು ಒಣ ಬ್ರಷ್ಷಿನಿಂದ ತೆಗೆಯುತ್ತ ಬಂದು, ಮಳೆಗಾಲ ಕಳೆದು ತೇವ ಮರಳುವುದಿಲ್ಲವೆಂದು ಖಚಿತವಾದ ಮೇಲೆ ಬಣ್ಣ ಹಚ್ಚಿದರು. ಕೈ ಮಗನದೇ, ಸಾಮಾನೂ ಮೊದಲಿನದೇ. ಈ ಸಲ ಬಣ್ಣ ನಿಂತಿತು.

ಖರ್ಚು ಎರಡು ಲಕ್ಷ ದಾಟಿತು. ಅಂದುಕೊಂಡದ್ದಕ್ಕಿಂತ ಹೆಚ್ಚು, ಗುತ್ತಿಗೆಯ ಮೊತ್ತಕ್ಕಿಂತ ಬಹಳ ಕಡಿಮೆ. ಹೆಚ್ಚಾದ ಹಣ ಹೋದದ್ದು ವೈರಿಂಗ್ ಮತ್ತು ಗರ್ಡರ್‌ಗೆ. ಇವೆರಡೂ ಮೊದಲ ಪಟ್ಟಿಯಲ್ಲಿ ಇರಲೇ ಇಲ್ಲ.

ಈ ಪ್ರಕರಣದಿಂದ ತಿಳಿಯುವುದು

ಕೆಲಸ ಕಷ್ಟವೋ ಸುಲಭವೋ, ಕೂಲಿ ಎಷ್ಟು ಎಂಬ ಪ್ರಶ್ನೆಗಳಿಗಿಂತ ಮೊದಲು ಕೇಳಬೇಕಾದದ್ದು, ಇದು ಕೆಟ್ಟರೆ ನಮಗೆ ಗೊತ್ತಾಗುತ್ತದೆಯೇ ಎಂಬುದು. ನಲ್ಲಿ ಕೆಟ್ಟರೆ ಗೊತ್ತಾಗುತ್ತದೆ. ಅರ್ತಿಂಗ್ ಕೆಟ್ಟರೆ ಯಾರಿಗಾದರೂ ಶಾಕ್ ಹೊಡೆದ ಮೇಲೆ ಗೊತ್ತಾಗುತ್ತದೆ. ಕೆಟ್ಟದ್ದನ್ನು ಬಿಚ್ಚಿ ಮತ್ತೆ ಮಾಡಬಹುದೇ ಎಂಬುದು ಅದರ ಜೊತೆಗೇ ಬರುವ ಪ್ರಶ್ನೆ. ಮರೆಯಾಗಿ ಕೆಡುವ, ಮರಳಿ ಸರಿಪಡಿಸಲಾಗದ ಕೆಲಸಕ್ಕೆ ಕೂಲಿ ಎಷ್ಟೇ ಆದರೂ ಬಲ್ಲವರ ಕೈಯೇ ಬೇಕು; ಅಂಥಲ್ಲಿ ಆ ಬಲ್ಲವರ ಮಾತನ್ನೂ ಇನ್ನೊಬ್ಬರಿಂದ ಒಮ್ಮೆ ಪರಿಶೀಲಿಸಬೇಕೆಂಬುದನ್ನು ಮೂರು ಇಂಚು ಕಾಂಕ್ರೀಟಿನ ಸಲಹೆ ತೋರಿಸಿತು.

ಇನ್ನೊಂದು ಸಂಗತಿ ಸ್ವಂತ ಕೆಲಸದ ಬಗೆಗಿನ ನಮ್ಮ ಕಲ್ಪನೆಗೆ ಸಂಬಂಧಿಸಿದ್ದು. ಮನೆಯವರಲ್ಲಿ ಇಲ್ಲದ್ದು ಕಸುಬಿನ ಕೈ. ಕಸುಬುದಾರರಲ್ಲಿ ಇಲ್ಲದ್ದು ಬಿಡುವು ಮತ್ತು ದಿನದಿನದ ಕಣ್ಣು. ಕೆರೆಯುವುದು, ಒಣಗಿಸುವುದು, ನೀರುಣಿಸುವುದು, ಗುರುತು ಹಾಕುವುದು, ಕಾಯುವುದು ಇವೆಲ್ಲ ಮನೆಯವರೇ ಚೆನ್ನಾಗಿ ಮಾಡಬಲ್ಲ ಕೆಲಸಗಳು. ಮೇಸ್ತ್ರಿಯೊಂದಿಗೆ ಮಾತು ಮುಗಿಸುವಾಗಲೇ ಯಾವ ಭಾಗ ಯಾರದು ಎಂದು ಬರೆದುಕೊಳ್ಳುವುದು ಒಳ್ಳೆಯದು. ಈ ಮನೆಯಲ್ಲಿ ಉಜ್ಜುವುದೂ ನೀರು ಹಾಕುವುದೂ ತಮ್ಮದಲ್ಲ ಎಂದು ತಿಳಿದಾಗ ಮೇಸ್ತ್ರಿ ಕೂಲಿಯನ್ನು ತಾವಾಗಿಯೇ ಇಳಿಸಿದರು. ಮತ್ತು ಪಟ್ಟಿ ಮಾಡುವ ದಿನ ಮನೆಯ ಎಲ್ಲರನ್ನೂ ಕೂರಿಸಿ ಕೇಳಬೇಕು. ನಲ್ಲಿಯ ಜುಮ್ಮನ್ನೂ ಗೋಡೆಯ ತಂಪನ್ನೂ ಮೊದಲು ಅರಿತವರು ಇಡೀ ದಿನ ಆ ಮನೆಯಲ್ಲಿ ದುಡಿಯುವ ಇಬ್ಬರು ಹೆಂಗಸರು. ಅವರನ್ನು ಯಾರೂ ಕೇಳಿರಲಿಲ್ಲ.

ಹಿಂದಿನ ಕೋಣೆಯ ಸೂರಿನ ತುಕ್ಕಿನ ಕಲೆ ಇನ್ನೂ ಬಾಕಿಯಿದೆ. ಕಂಬಿ ತುಕ್ಕು ಹಿಡಿದಾಗ ಹಿಗ್ಗಿ ಕಾಂಕ್ರೀಟನ್ನು ಒಡೆಯುತ್ತದೆ, ಹೊರಗಿನಿಂದ ಸಾರಣೆ ಬಳಿದರೆ ಒಳಗಿನ ಹಾನಿ ಮುಚ್ಚಿಹೋಗುತ್ತದೆ ಅಷ್ಟೆ. ಎಂಜಿನಿಯರ್ ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬರುವ ಜಾಗಗಳಿಗೆ ಗೆರೆ ಎಳೆದು ಹೋಗಿದ್ದಾರೆ. ಮಗ ಆ ಕೆಲಸಕ್ಕೆ ಬೇರೆಯಾಗಿ ಹಣ ತೆಗೆದಿಡುತ್ತಿದ್ದಾರೆ. ಯಜಮಾನರು ಆ ಸೂರಿನಲ್ಲಿರುವ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲಿ ತಾರೀಕು ಬರೆದು, ಅದು ಬೆಳೆಯುತ್ತಿದೆಯೇ ಎಂದು ತಿಂಗಳಿಗೊಮ್ಮೆ ನೋಡುತ್ತಾರೆ. ಕೋಣೆಯಲ್ಲಿದ್ದ ಮಂಚವನ್ನು ನಡುಮನೆಗೆ ಸಾಗಿಸಿದ್ದಾರೆ, ಕಂಬಿಯ ದುರಸ್ತಿಯನ್ನು ಬರುವ ಬೇಸಿಗೆಗೆ ಗೊತ್ತುಮಾಡಿದ್ದಾರೆ.